ಸಿಹಿನೀರು

ಬಿಸಿ ಇದ್ದಾಗ ಮುಚ್ಚಳ ತೆಗೆಯಬಾರದು.
ಇಷ್ಟು ಕಲಿಯಲು ನನ್ನ ಎಡ ಮುಂಗೈ
ಒಂದು ಪದರ ಚರ್ಮ ಕೊಟ್ಟಿದೆ.

ಹಾಗಾಗಿ ಕೂತಿದ್ದೇವೆ, ಕೋಡಿಬಾಗದ ಸೇತುವೆಯ ನೆರಳು
ಗ್ಯಾರೇಜಿನ ತಗಡಿಗೆ ತಾಗುವ ತನಕ:
ನಾನು, ಓಮ್ನಿ, ಓಮ್ನಿಯ ಒಡತಿ ಸುಲಭಾ ಗಿರಪ್,
ಬೈತಖೋಲ ಬಂದರಿನ ಬೋಟಿನವರಿಗೆ
ದಿನಕ್ಕೆ ಎಪ್ಪತ್ತು ಊಟದ ಡಬ್ಬಿ ಮುಟ್ಟಿಸುವವಳು.
"ಮುಳ್ಳು ಕೆಂಪಿಗೆ ಹೋಗ್ತದೆ ಅಗ್ನೆಲಣ್ಣ.
ಅನ್ನ ಆರ್ತದೆ, ಇಂಜಿನ್ ಆರೂದಿಲ್ಲ."

ಸೀಟು ಎತ್ತಿ ಡಿಪ್‌ಸ್ಟಿಕ್ ಎಳೆದೆ.
ಎಣ್ಣೆ ಕಪ್ಪಗಿದೆ, ಹಾಲು ಬೆರೆತಿಲ್ಲ;
ಹೆಡ್ ಗ್ಯಾಸ್ಕೆಟ್ ಬದುಕಿದೆ, ಸುಲಭಾಳ ದುಡ್ಡೂ.
ಫ್ಯಾನು ತಿರುಗುತ್ತದೆ.
ಮೇಲಿನ ಪೈಪು ಸುಡುತ್ತದೆ, ಕೆಳಗಿನದು ತಣ್ಣಗೆ.
ನಡುವೆ ಎಲ್ಲೋ ಯಾರೋ ಒಡ್ಡು ಕಟ್ಟಿದ್ದಾರೆ.

ಬಟ್ಟೆ ಸುತ್ತಿ ಕಾಲು ಸುತ್ತು ತಿರುಗಿಸಿದೆ.
ಸಿಟ್ಟು ಇಳಿದವರ ಹಾಗೆ ಉಸ್ಸೆಂದಿತು.
ಒಳಗಿದ್ದದ್ದು ನೀರಲ್ಲ,
ಮೂರು ದಿನದ ಸಾರಿನ ತಳ.
"ನಾ ಬರೀ ನೀರು ಹಾಕಿದ್ದು."
ಎಲ್ಲರೂ ಬರೀ ನೀರನ್ನೇ ಹಾಕಿರುತ್ತಾರೆ.

ಆರ್‌ಸಿ ಪುಸ್ತಕದಲ್ಲಿ ಇವಳಿಗಿಂತ ಮೊದಲು ಮೂರು ಹೆಸರು.
ಪುಸ್ತಕದಲ್ಲಿ ಇಲ್ಲದ್ದು ಬಕೆಟ್ಟಿಗೆ ಬಿತ್ತು:
ಯಾರದೋ ಹಸಿರು ಕೂಲಂಟು,
ಅದರ ಮೇಲೆ ಇನ್ಯಾರೋ ಸುರಿದ ಕೆಂಪು,
ಒಂದಕ್ಕೊಂದು ಆಗದೆ, ಬಿಟ್ಟೂ ಹೋಗಲಾಗದೆ
ಲೋಳೆಯಾಗಿ ಕೊಳವೆ ಹಿಡಿದು ಕೂತದ್ದು.
ಆಮೇಲೆ ಹಳದಿ ಗಸಿ. ಮೂಸಿದೆ.
ಅರಿಶಿನ!
ದೇವಿಮನೆ ಘಟ್ಟದ ತಿರುವಿನಲ್ಲಿ ರೇಡಿಯೇಟರ್ ಸೋರಿ,
ಶಿರಸಿ ಸಂತೆಯ ಚೀಲಕ್ಕೆ ಕೈ ಹಾಕಿ
ಒಂದು ಮುಷ್ಟಿ ಸುರಿದಿರಬೇಕು ಯಾವನೋ,
ಮಗುವಿನ ಮಂಡಿಗೆ ಹಚ್ಚುವ ಹಾಗೆ.
ತೂತು ಮುಚ್ಚಿದ್ದು ನಿಜ.
ದಾರಿಯೂ ಮುಚ್ಚಿತು.

ಆದರೆ ಈ ತುಕ್ಕು, ಇಷ್ಟು ಬೇಗ?
ಮಕ್ಬೂಲ್ ಉಸ್ತಾದ್ ಆಗಿದ್ದರೆ ನಾಲಗೆಗೆ ಮುಟ್ಟಿಸಿ ಹೇಳುತ್ತಿದ್ದರು.
ನನಗೆ ಆ ಧೈರ್ಯವಿಲ್ಲ.
ಒಂದು ಚಮಚ ಸ್ಟವ್ ಮೇಲೆ ಹಿಡಿದು ಬತ್ತಿಸಿದೆ
(ಆ ಚಮಚ ಇನ್ನು ಚಹಾಕ್ಕೆ ಬರುವುದಿಲ್ಲ).
ಉಳಿಯಿತು ಉಗುರಿನಷ್ಟು ಬಿಳಿ,
ಸಾಣಿಕಟ್ಟೆಯ ಆಗರದ ಒಂದು ಮೂಲೆ.

ಸುಲಭಾ ಚಮಚವನ್ನೇ ನೋಡಿದಳು.
"ಒಂದೇ ಸಲ.
ಅಳಿವೆ ಹತ್ರ ನಿಂತುಬಿಟ್ಟಿತ್ತು. ಬೋಟು ಬಿಡುವ ಹೊತ್ತು.
ಇಳಿತ ಅಂದ್ಕೊಂಡೆ,
ಹೊಳೆ ನೀರೇ ಇರ್ತದೆ ಅಂದ್ಕೊಂಡೆ."
ಕಾಳಿ ಯಾವಾಗ ಹೊಳೆ, ಯಾವಾಗ ಕಡಲು
ಎಂದು ಕಾಳಿಯನ್ನೇ ಕೇಳಬೇಕು.
ನಾನು ಏನೂ ಹೇಳಲಿಲ್ಲ.

ಉಪ್ಪು ತಿಂದದ್ದು ನೀರು ಕುಡಿಯಲೇಬೇಕು.
ಕುಡಿಸಿದೆ. ಪೈಪನ್ನು ಕೆಳಗಿನಿಂದ ಹಚ್ಚಿ,
ಬಂದ ದಾರಿಯಲ್ಲೇ ಕೊಳೆಯನ್ನು ಹಿಂದಕ್ಕಟ್ಟಿ,
ನಿಂಬೆಹುಳಿ ಪುಡಿ ಕದಡಿ ಅರ್ಧ ಗಂಟೆ ಓಡಿಸಿ,
ಆರಲು ಬಿಟ್ಟು, ಸುರಿಸಿ, ಮತ್ತೆ.
ಥರ್ಮೋಸ್ಟಾಟು ಬಿಚ್ಚಿದರೆ ಬಾಯಿ ಕಚ್ಚಿಕೊಂಡು ಸತ್ತಿತ್ತು.
ಹೊಸದು ತರಲು ಪೇಟೆಗೆ ಅವಳೇ ಹೋದಳು.
ಮೂರನೆಯ ಬಕೆಟ್ಟು ಚಹಾ.
ಐದು, ಸಕ್ಕರೆ ಕಡಿಮೆಯಾದ ಕಷಾಯ.
ಎಂಟನೆಯದರಲ್ಲಿ ಬಕೆಟ್ಟಿನ ತಳದ
ಕಂಪನಿ ಹೆಸರು ಓದಲು ಬಂತು, ತುಸು ಹಳದಿಯಾಗಿ.
ಆ ಹಳದಿ ಹೋಗಲಿಲ್ಲ. ಬಿಟ್ಟೆ.

"ಇದನ್ನ ಗಟಾರಕ್ಕೆ ಹಾಕ್ಲಾ?"
ಮೊದಲ ಬಕೆಟ್ಟಿಗೆ ಕೈ ಇಟ್ಟು ಕೇಳಿದಳು.
ಬೇಡ ಎಂದು ಕೂಗಿದ್ದು ನನಗೇ ಜೋರಾಯಿತು.

ಕುಡಿಯಲು ಬರುವ ಬಾವಿಗೆ ನಾವು
ಸಿಹಿನೀರಿನ ಬಾವಿ ಎನ್ನುತ್ತೇವೆ.
ಕೂಲಂಟೂ ಸಿಹಿ.
ನಾಯಿಗೆ ಅಷ್ಟು ಗೊತ್ತು, ಅಷ್ಟೇ ಗೊತ್ತು.
ಅಗೋ ಬಾಲ ಅಲ್ಲಾಡಿಸುತ್ತಿದೆಯಲ್ಲ ಬಂಗ್ಡೆ,
ಅದರ ತಾಯಿ ಇಂಥದೇ ಬಕೆಟ್ಟಿಗೆ ಬಾಯಿ ಹಾಕಿತ್ತು.
ಮುಚ್ಚಲು ಮರೆತವನು ನಾನು.
ಮೂರು ದಿನ ಹಿಂಗಾಲು ಎಳೆದುಕೊಂಡು
ನನ್ನ ಹತ್ತಿರವೇ ಬರುತ್ತಿತ್ತು.

ಬ್ಯಾಟರಿ ನೀರು, ಒಂದೇ ಬಣ್ಣದ ಕೂಲಂಟು,
ಗಾಳಿಯ ಗುಳ್ಳೆ ನಿಲ್ಲುವ ತನಕ ಒತ್ತಿ ಒತ್ತಿ ಬಿಟ್ಟು
ಮುಚ್ಚಳ ಬಿಗಿದೆ. ಮುಳ್ಳು ನಡುವಿಗೆ ಏರಿ ನಿಂತಿತು.
ಸುಲಭಾ ಅರ್ಧ ದುಡ್ಡು ಕೊಟ್ಟಳು,
ಉಳಿದರ್ಧಕ್ಕೆ ಹದಿನೈದು ದಿನ ಡಬ್ಬಿ ಎಂದಳು.

ಓಮ್ನಿ ಹೋದ ಮೇಲೆ
ಕೊಳೆನೀರನ್ನೆಲ್ಲ ಡ್ರಮ್ಮಿಗೆ ತುಂಬಿ
ಮುಚ್ಚಳದ ಮೇಲೆ ಹಳೆಯ ಗೇರ್‌ಬಾಕ್ಸ್ ಹೇರಿದೆ.
ಬಂಗ್ಡೆ ಸುತ್ತ ಒಂದು ಸುತ್ತು ಬಂತು, ಮೂಸಿತು,
ನನ್ನ ಮುಖ ನೋಡಿತು.