ಹಾಳೆಯ ಹಿಂಬದಿ

ಸಿದ್ದಯ್ಯ ರಸ್ತೆಯ ಕೌಟುಂಬಿಕ ನ್ಯಾಯಾಲಯದ ಹತ್ತಿರ
ಜೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ ನನ್ನ ಕಂಪ್ಯೂಟರು.
ಪುಟಕ್ಕೆ ಮೂವತ್ತು ರೂಪಾಯಿ. ತಿದ್ದಿದರೆ ಐದು ಹೆಚ್ಚು.
ಹತ್ತೊಂಬತ್ತು ವರ್ಷ ‘ಹೊಂದಾಣಿಕೆ ಇಲ್ಲ’ ಒತ್ತಿ ಒತ್ತಿ
ಕೀಲಿಯ ಮೇಲಿನ ಹ ಅಳಿಸಿಹೋಗಿದೆ.

ಗಂಡ, ಹೆಂಡತಿ ಅನ್ನುವುದೆಲ್ಲ ಮೊದಲ ಸಾಲಿಗಷ್ಟೇ.
ಆಮೇಲೆ ಅರ್ಜಿದಾರ ಒಂದು, ಅರ್ಜಿದಾರ ಎರಡು.

ಕಾರಣ ಕೇಳುವುದು ನನ್ನ ಕೆಲಸವಲ್ಲ.
ಪ್ರಿಂಟು ಬರುವ ತನಕ ನಿಲ್ಲಬೇಕಲ್ಲ, ತಾವೇ ಹೇಳುತ್ತಾರೆ.
ಒಬ್ಬಳಿಗೆ ಬೇಕಿದ್ದದ್ದು, ಅವನು ಫೋನು ಕೆಳಗಿಟ್ಟು
“ಆಮೇಲೆ ಏನಾಯ್ತು?” ಅನ್ನುವುದು, ಒಂದೇ ಒಂದು ಸಲ.
ಇನ್ನೊಬ್ಬನಿಗೆ, ಸಂಬಳ ನಿಂತ ಎಂಟು ತಿಂಗಳ ಸುದ್ದಿ
ಅವಳ ತವರು ಮುಟ್ಟದೆ ಇರುವುದು.
ಮಾರತಹಳ್ಳಿಯ ಜೋಡಿಗೆ ಎಲ್ಲ ಇತ್ತು.
ಅವನ ಹಗಲು ಅವಳ ರಾತ್ರಿ;
ಇಬ್ಬರೂ ಎಚ್ಚರಿರುವುದನ್ನು ಕಂಡದ್ದು ಬೆಕ್ಕು ಮಾತ್ರ.
ಅದು ಯಾರಿಗೆ ಅನ್ನುವುದೇ ನಾಲ್ಕನೇ ಕಲಮು.

ಕಳೆದ ಆಷಾಢದಲ್ಲಿ ಒಬ್ಬ ಹುಡುಗ
ಕರಡು ಓದುತ್ತಾ ಬೆರಳಿಟ್ಟು ನಿಲ್ಲಿಸಿದ:
“ಮೇಡಂ, ಇವಳ ಹೆಸರಿಗೆ ಕೊನೇಲಿ ದೀರ್ಘ. ಇಂಚರಾ.
ಬಿಟ್ಟರೆ ಬೇಜಾರು ಮಾಡ್ಕೋತಾಳೆ.”
ಅತ್ತ ಅವಳು ಟೀ ಗಾಡಿಯವನಿಗೆ ಕೂಗುತ್ತಿದ್ದಳು:
“ಎರಡು. ಒಂದಕ್ಕೆ ಸಕ್ಕರೆ ಬೇಡ, ಇವನಿಗೆ ಆಗಲ್ಲ.”
ದೀರ್ಘ ಕೊಟ್ಟೆ. ಐದು ರೂಪಾಯಿ ಕೇಳಲಿಲ್ಲ.
ಇನ್ನೇನು ಹರಿದು ಹಾಕುತ್ತಾರೆ ಅಂದುಕೊಂಡೆ.
ಇಲ್ಲ. ಎಂಟೂ ಪುಟಕ್ಕೆ ಸಹಿ ಹಾಕಿ
ಒಂದೇ ಆಟೋದಲ್ಲಿ ಹೋದರು.
ಅಷ್ಟೆಲ್ಲ ಗೊತ್ತಿದ್ದೂ ಏನೋ ಸಾಲಲಿಲ್ಲ.
ಏನದು ಅಂತ ಬಸ್ಸಿನಲ್ಲಿ ಯೋಚಿಸತೊಡಗಿದೆ,
ಸೀಟು ಸಿಕ್ಕಿತು, ನಿದ್ದೆ ಬಂತು, ಲಗ್ಗೆರೆ ದಾಟಿ ಇಳಿದೆ.

ನಮ್ಮ ಗಂಗಹನುಮಯ್ಯನಿಗೆ
(ಎದುರಿಗೆ ‘ರೀ’, ಪದ್ಯದಲ್ಲಿ ಅವನು)
ನಾನು ಹುಟ್ಟಿದ ತಾರೀಕು ಗೊತ್ತಿಲ್ಲ.
ಕಾಮಾಕ್ಷಿಪಾಳ್ಯದಲ್ಲಿ ಸ್ಕೂಟರ್ ಸೀಟಿಗೆ ಕವರು ಹೊಲಿದು
ರೆಕ್ಸಿನ್ನಿನ ವಾಸನೆ ಹೊತ್ತು ಬರುತ್ತಾನೆ.
ಸಾರು ಹೇಗಿದೆ ಅಂದರೆ “ಇದೆ” ಅನ್ನುತ್ತಾನೆ.

ಹನ್ನೊಂದು ವರ್ಷದ ಹಿಂದೆ, ಯಾಕೆ ಅಂತ ಹೇಳಿದರೆ ನಗುತ್ತೀರಿ,
ಎಲ್ಲರೂ ಹೋದ ಮೇಲೆ ಒಂದು ಅರ್ಜಿ ನನಗೇ ಒತ್ತಿಕೊಂಡೆ.
ಒಂದು, ನಾನು. ಎರಡು, ಅವನು.
ಕಾರಣದ ಜಾಗಕ್ಕೆ ಬಂದು ಕರ್ಸರು ಮಿಣುಕುತ್ತಾ ನಿಂತಿತು.
ಊರವರ ವಾಕ್ಯವೆಲ್ಲ ಬಾಯಿಪಾಠ,
ನನ್ನದೊಂದು ಬರಲಿಲ್ಲ.
ಖಾಲಿ ಬಿಟ್ಟೇ ಪ್ರಿಂಟು ತೆಗೆದು
ಅಕ್ಕಿ ಡಬ್ಬದ ಕೆಳಗೆ ಇಟ್ಟೆ.

ಗೌರಿ ಹಬ್ಬಕ್ಕೆ ಮೊದಲು ನೋಡುತ್ತೇನೆ,
ಹಾಳೆ ಅಡುಗೆಮನೆಯ ಮೊಳೆಗೆ ಸಿಕ್ಕಿಸಿದೆ.
ಹಿಂಬದಿ ಈಚೆಗೆ. ಅದರ ಮೇಲೆ ಅವನ ಕೋಳಿಕಾಲು ಅಕ್ಷರ:
ಕಾವೇರಿ ನೀರು. ಬೆಳಗಿನ ಜಾವ ಮೂರಕ್ಕೆ.
ಮಂಗಳವಾರ ನಾನು. ಶುಕ್ರವಾರ ನೀನು.
ಆಮೇಲೆ ‘ನೀನು’ ಹೊಡೆದುಹಾಕಿ, ಮತ್ತೆ
‘ನಾನು’.

ಮುಂಬದಿ ಓದಿದ್ದನೋ ಇಲ್ಲವೋ.
ಅವನು ಹೇಳಿಲ್ಲ. ನಾನು ಕೇಳಿಲ್ಲ.
ಅರಿಶಿನದ ಕೈ ತಾಗಿ ತಾಗಿ ಹಾಳೆ ಹಳದಿಯಾಗಿದೆ,
ಒಂದು ಮೂಲೆಯನ್ನು ಜಿರಳೆ ತಿಂದಿದೆ.

ಈಗಲೂ ಮೂರಕ್ಕೆ ಎದ್ದು ಕತ್ತಲಲ್ಲಿ ಚಪ್ಪಲಿ ತಡಕುತ್ತಾನೆ,
ನನ್ನದನ್ನೇ ಮೆಟ್ಟಿಕೊಂಡು ಹೋಗುತ್ತಾನೆ.
ನಾನು ನಿದ್ದೆಯಲ್ಲಿದ್ದವಳ ಹಾಗೆ ಮಲಗಿರುತ್ತೇನೆ.
ಒಂದೊಂದು ದಿನ ನೀರೇ ಬಿಡುವುದಿಲ್ಲ.
ಸಂಪಿನ ಮುಚ್ಚಳ ಸರಿಸಿ, ಟಾರ್ಚು ಆರಿಸಿ
ಸುಮ್ಮನೆ ಕೂತಿರುತ್ತಾನೆ ಒಬ್ಬನೇ.
ಎದ್ದು ಹೋಗಿ ಪಕ್ಕಕ್ಕೆ ಕೂರುತ್ತೇನೆ.
“ಇವತ್ತು ಬರಲ್ಲ ಬಿಡಿ” ಅನ್ನುತ್ತೇನೆ.
“ಇನ್ನೊಂದ್ ಹತ್ತು ನಿಮಿಷ ನೋಡೋಣ”
ಅನ್ನುತ್ತಾನೆ.