ಲಾಭ, ಎರಡು, ಮೂರು

ಗಂಗೊಳ್ಳಿಯಲ್ಲಿ ಅಮ್ಮ ಅಕ್ಕಿ ಅಳೆಯುವಾಗ
ಮೊದಲ ಸೇರಿಗೆ ಒಂದು ಎನ್ನುತ್ತಿರಲಿಲ್ಲ.
ಲಾಭ, ಎನ್ನುತ್ತಿದ್ದಳು. ಆಮೇಲೆ ಎರಡು, ಮೂರು.
ಮುಹರ್ರಕ್‌ನ ಮೀನುಪೇಟೆಯೆದುರು ಬೆಳಗಿನ ಏಳಕ್ಕೆ
ಮುಕ್ಕಾಲಿಯ ಕಾಲು ಬಿಡಿಸಿ
ಬಿಳಿ ಚೆಂಡಿನ ತಲೆಯ ಮೀಟರನ್ನು
ಒಂದೂವರೆ ಮೀಟರ್ ಎತ್ತರಕ್ಕೆ ನಿಲ್ಲಿಸಿ
ನಾನೂ ಹಾಗೆಯೇ ಎಣಿಸುತ್ತೇನೆ, ಬಾಯೊಳಗೆ.
ಲಾಭ: ಮೀಟರಿಗೆ ಸೊನ್ನೆ ಪಾಯಿಂಟ್ ಒಂಬತ್ತು ವೋಲ್ಟ್.

ಆರು ನಿಮಿಷದ ಸರಾಸರಿ ಬೇಕು.
ಆರು ನಿಮಿಷ ನನ್ನ ಫೋನು ಸತ್ತಿರಬೇಕು,
ನಾನು ನಾಲ್ಕು ಹೆಜ್ಜೆ ಆಚೆ ಇರಬೇಕು.
ಮೈಯೂ ಅಲೆಯನ್ನು ಕುಡಿಯುತ್ತದೆ, ಹಿಂದಕ್ಕೆ ಉಗುಳುತ್ತದೆ;
ತಕ್ಕಡಿ ಹಿಡಿದವನ ಹೆಬ್ಬೆರಳ ಕತೆಯನ್ನು
ಮೀನು ಮಾರುವ ಊರಿನವನಿಗೆ ಹೇಳಿಕೊಡಬೇಕೆ?

"ಸದೀಕ್, ಇದೇನು, ಗಾಳಿ ನೋಡುವುದಾ?"
ಹಮೂರ್ ಸೀಳುತ್ತಿದ್ದವನು ಕತ್ತಿ ನಿಲ್ಲಿಸುತ್ತಾನೆ.
ಟವರಿನದ್ದು, ಎಂದು ಮೇಲೆ ಬೆರಳು ತೋರಿದೆ.
ಟೋಪಿ ತೆಗೆದು ಬೋಳುತಲೆ ಒಡ್ಡಿದ:
"ಇಲ್ಲಿ ಅಳೆ! ಕೂದಲೆಲ್ಲ ತಿಂದದ್ದು ಅದೇ."
ಕಟ್ಟೆಯುದ್ದಕ್ಕೂ ನಗು.
ಐಸಿನ ನೀರು ನನ್ನ ಬೂಟಿನೊಳಗೆ.

ಫೋನು ಎದ್ದ ಕೂಡಲೇ ಕುಂದಾಪುರದಿಂದ ವಿಲಾಸಿನಿ:
ಒಟಿಪಿ ಬಂತಾ? ಮಗಳ ಫೀಸಿಗೆ ಇವತ್ತೇ ಕಡೆ.
ಒಟಿಪಿ ಬಂತಾ ಮಾರಾಯ್ರೆ?
ಬಂದಿತ್ತು.
ಹುಟ್ಟಿ ಐದು ನಿಮಿಷ ಬದುಕಿ ಹೋಗಿತ್ತು.

ಎರಡು, ಬಸ್ ನಿಲ್ದಾಣ. ಮೂರು, ಹುಡುಗಿಯರ ಶಾಲೆಯ ಗೇಟು.
ಕೋಲ್ಡ್ ಸ್ಟೋರಿನ ಮೊಸರಿನ ಪೆಟ್ಟಿಗೆಗಳ ನಡುವೆ ಐದನೆಯದು.
ಹನ್ನೊಂದನೆಯದು ಉಮ್ಮ್ ಜಾಸಿಂ ಅವರ ಮಲಗುವ ಕೋಣೆ.
ದೂರು ಕೊಟ್ಟವರು ಅವರೇ.
ಕಿಟಕಿಯಾಚೆ ಖರ್ಜೂರದ ಮರ,
ಪ್ಲಾಸ್ಟಿಕ್ಕಿನದು, ಹೊಟ್ಟೆ ತುಂಬ ಆಂಟೆನಾ.
"ಅದನ್ನು ನೆಟ್ಟಂದಿನಿಂದ ನಿದ್ದೆಯಿಲ್ಲ," ಎಂದರು.
ಮರದ ಕಂಕುಳಲ್ಲಿ ಗೊರವಂಕ ಗೂಡು ಕಟ್ಟಿತ್ತು.

ಹಾಸಿಗೆಯ ಬದಿ ಆರು ನಿಮಿಷ.
ಸೊನ್ನೆ ಪಾಯಿಂಟ್ ಮೂರು.
ಮಿತಿಯ ನೂರರಲ್ಲೊಂದು ಪಾಲೂ ಅಲ್ಲ, ಎಂದೆ.
"ಹಾಗಾದರೆ ನಿದ್ದೆ?" ಎಂದು ಕೇಳಿದರು.
ಅವರು ಕೇಳಿದ್ದು ನ್ಯಾಯ. ನನ್ನ ಫಾರಮಿನಲ್ಲಿ
ಅದಕ್ಕೊಂದು ಮನೆ ಇರಲಿಲ್ಲ.
ಏಲಕ್ಕಿಯ ಕಹ್ವಾ ಬಂತು. ಸಾಕೆನ್ನಲು
ಕಪ್ಪು ಅಲ್ಲಾಡಿಸಬೇಕೆಂಬುದು ಮರೆತು
ನಾಲ್ಕು ಸಲ ಕುಡಿದೆ. ಇವತ್ತು ನನಗೂ ನಿದ್ದೆಯಿಲ್ಲ.

ಪಕ್ಕದ ಕಟ್ಟಡದವರು ಹೋದ ವರ್ಷ ಸಹಿ ಹಾಕಿಸಿ
ಮಾಳಿಗೆಯ ಆಂಟೆನಾ ಕೀಳಿಸಿದ್ದಾರೆ.
ಅದರ ನೆಲಮಾಳಿಗೆಯಲ್ಲಿ, ಕಾರುಗಳ ನಡುವೆ ಮಂಚ ಹಾಕಿ
ಕಾವಲಿನ ಮುಖ್ಲೆಸುರ್. ಸಿಗ್ನಲ್ಲು ಒಂದೇ ಕಡ್ಡಿ.
ಕಿವಿ ಮಂದವಾದ ಅಜ್ಜಿಯೆದುರು ಮೊಮ್ಮಗ ಅರಚಿದ ಹಾಗೆ
ಫೋನು ದೂರದ ಟವರಿಗೆ ಕೂಗುತ್ತದೆ,
ಇವನ ಕೆನ್ನೆಗೆ ಒತ್ತಿಕೊಂಡು.
ಚೆಂಡನ್ನು ಹತ್ತಿರ ಹಿಡಿದೆ: ಏಳು. ಒಂಬತ್ತೂವರೆ. ಎಂಟು.
ಪಟ್ಟಿಯಲ್ಲಿಲ್ಲದ ಅಳತೆ ಇದು;
ಸ್ವಂತ ಕೆನ್ನೆ ಸಾರ್ವಜನಿಕ ಸ್ಥಳವಲ್ಲ.

"ಕೆಟ್ಟದ್ದಾ?" ಫೋನಿಗೆ ಅಂಗೈ ಮುಚ್ಚಿ ಕೇಳಿದ.
ಮಿತಿಯೊಳಗೇ ಇದೆ. ಆದರೂ ಸ್ಪೀಕರಿಗೆ ಹಾಕು,
ಒಂದು ಗೇಣು ದೂರ ಹಿಡಿ, ಎಂದೆ.
ಸಾಲುಗಟ್ಟಿದ ಕಾರುಗಳನ್ನೂ ಡ್ರೈವರುಗಳನ್ನೂ ನೋಡಿದ.
"ಆಗ ಅವಳ ದನಿ ಇವರಿಗೆಲ್ಲ ಕೇಳುತ್ತದೆ," ಎಂದ.
ಮತ್ತೆ ಕೆನ್ನೆಗೆ ಒತ್ತಿಕೊಂಡ.

ಜೇಬಿನಲ್ಲಿ ನನ್ನದು ಒಮ್ಮೆ ನಡುಗಿ ಸುಮ್ಮನಾಯಿತು.
ಈಗ ಬರುತ್ತದೆ ನೋಡಿ, ಎಂದಿದ್ದಳು ವಿಲಾಸಿನಿ.
ಮುಕ್ಕಾಲಿ ಹೆಗಲಿಗೇರಿಸಿ, ಫೋನು ತಲೆಯ ಮೇಲೆತ್ತಿ
ಇಳಿಜಾರು ಹತ್ತಿ ಓಡಿದೆ, ಏದುಸಿರು ಬಿಡುತ್ತ,
ಪ್ಲಾಸ್ಟಿಕ್ ಖರ್ಜೂರ ಕಾಣುವ ತನಕ.

ಬಂತು. ಆರು ಅಂಕಿ. ಫೋನು ಕಾದಿತ್ತು.
ಮೊದಲನೆಯದು ನೋಡಿ ಬಾಯಿ ತಪ್ಪಿ
ಲಾಭ, ಎಂದೆ.
"ಎಂತ?" ಎಂದಳು, ಕಿರುಚಿ.
ಒಂದು, ಎಂದೆ. ಒಂದು, ಒಂದು. ಬರ್ಕೊ.