ಇಪ್ಪತ್ತಮೂರನೆಯ ಮೊಳೆ

ಮಂಜೇಶ್ವರದ ಬಂದರು ಕಚೇರಿಯಲ್ಲಿ ಒಂದು ಹಲಗೆ,
ನಲವತ್ತು ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ.
ಅಳಿವೆ ದಾಟುವ ದೋಣಿ ಬಿಲ್ಲೆ ಒಯ್ಯಬೇಕು,
ಮರಳಿದರೆ ಅದೇ ಮೊಳೆಗೆ ತೂಗಬೇಕು.
ಇದಿನಬ್ಬರು ಬರೆದಿಡುತ್ತಾರೆ,
ಮಲಯಾಳದಲ್ಲಿ ಅಚ್ಚಾದ ಫಾರಮ್ಮಿನ ಮೇಲೆ
ಕನ್ನಡದಲ್ಲಿ.

ನನ್ನ ಕೆಲಸ ಕ್ಯಾಮೆರಾದ್ದು.
ಅಳಿವೆಯ ಬಾಯಿಗೆ ಮುಖ ಮಾಡಿ ಕಂಬದ ತುದಿಯಲ್ಲಿ ಕೂತಿತ್ತು;
ಅದಕ್ಕೂ ಕರ್ನೆಲ್ಲಿಗೂ ನಡುವಿನ ದುಭಾಷಿ,
ಆ ಡ್ರೈವರು, ನಾನು ಬರೆದದ್ದು.
ತೆರೆದು ನೋಡುವವರಿಗೆಲ್ಲ ಒಂದೊಂದು ಹಿಡಿಕೆ:
ಹರಾಜು ಕಟ್ಟೆಯ ಪರದೆಗೊಂದು, ಕರಾವಳಿ ಪೊಲೀಸರಿಗೊಂದು,
ರಾತ್ರಿಯಿಡೀ ಅಲೆ ಎಣಿಸುವ ಪ್ರೋಗ್ರಾಮಿಗೊಂದು.
ಮುಚ್ಚಿದರೆ ಲೆಕ್ಕದಲ್ಲಿ ಒಂದು ಕಳೆ.
ಸೊನ್ನೆಯಾದರೆ ನಿದ್ದೆ ಹೋಗು.
ಇಷ್ಟೇ ಅಂದುಕೊಂಡಿದ್ದೆ.

ಆಟಿಯ ಗಾಳಿಗೆ ತಂತಿ ಕಿತ್ತು ಬಂದ ರಾತ್ರಿ
ನನ್ನ ಡ್ರೈವರಿಗೆ ಆತುರ:
ವಸ್ತುವೇ ಇಲ್ಲದ ಮೇಲೆ ಅದರ ಜಾಗ ಯಾಕೆ?
ಗುಡಿಸಿ ಒರೆಸಿ, ನೆನಪಿನ ಆ ತುಂಡನ್ನು
ಬೇರೆ ಯಾರಿಗೋ ಕೊಟ್ಟುಬಿಟ್ಟಿತು.
ಮೂರು ಕೈಗಳು ಇನ್ನೂ ಹಿಡಿದುಕೊಂಡೇ ಇದ್ದವು.
ಪೊಲೀಸರ ಕಡೆಯದು ಮುಂದಿನ ಚಿತ್ರ ಕೇಳಿತು.
ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ
ಇಡೀ ಯಂತ್ರ ಮುಗ್ಗರಿಸಿ ಬಿತ್ತು.

ಬೆಳಿಗ್ಗೆ ತಪ್ಪು ಹುಡುಕುತ್ತ ಕೂತವಳಿಗೆ
ಇದಿನಬ್ಬರು ಲಿಂಬೆ ಹಿಂಡಿದ ಕಪ್ಪು ಚಹಾ ತಂದರು.
ಕಣ್ಣು ಹಲಗೆಗೆ ಹೋಯಿತು. ಇಪ್ಪತ್ತಮೂರು ಖಾಲಿ.
ಈ ಗಾಳಿಯಲ್ಲಿ ಕಡಲಿಗೆ ಹೋಗಿದೆಯಾ?
"ಹೋಗಿ ಆರು ವರ್ಷ.
ಒಡೆದು ಹೋಯಿತು ಅಂತ ಹೇಳ್ತಾರೆ,
ಬೇಪೂರಿನಲ್ಲಿ ಮಾರಿದ್ದು ಅಂತಲೂ ಹೇಳ್ತಾರೆ."
ಹಾಗಾದರೆ ಆ ನಂಬರು ಬೇರೆ ದೋಣಿಗೆ ಕೊಡಬಹುದಲ್ಲ?
ಅವರು ಲೋಟ ಕೆಳಗಿಟ್ಟರು.
"ದೋಣಿ ಇಲ್ಲದೆ ಇರಬಹುದು. ಬಿಲ್ಲೆ ಯಾರದೋ ಕೈಯಲ್ಲಿ ಉಂಟಲ್ಲ.
ನಾಳೆ ಅವ ಬಂದು ಇಪ್ಪತ್ತಮೂರು ಅಂದರೆ
ನಾನು ಯಾರ ಹೆಸರು ಓದಲಿ?"

ತಿದ್ದಿದೆ. ಹನ್ನೊಂದು ಸಾಲು.
ಕ್ಯಾಮೆರಾ ಹೋದರೆ ಮೊದಲು ಗುರುತು ಹಾಕು,
ಹೊಸಬರಿಗೆ ತೆರೆಯಬೇಡ,
ಹಳಬರು ಕೇಳಿದರೆ ಇಲ್ಲ ಅಂತ ನಿಜ ಹೇಳು.
ಜಾಗ ಮಾತ್ರ ಹಾಗೇ ಇರಲಿ
ಕೊನೆಯ ಕೈ ಬಿಡುವವರೆಗೆ.
ಹಿಡಿದವನೇ ಸತ್ತರೆ? ಚಿಂತೆಯಿಲ್ಲ,
ಕರ್ನೆಲ್ಲು ಅವನ ಬೆರಳು ಒಂದೊಂದೇ ಬಿಡಿಸಿ
ನನಗೆ ಸುದ್ದಿ ಮುಟ್ಟಿಸುತ್ತದೆ.

ಇದಿನಬ್ಬರಿಗೆ ಆ ಅನುಕೂಲವಿಲ್ಲ.

ನಾನೇ ತಂತಿ ಕಿತ್ತು ನೋಡಿದೆ, ಮೂರು ಸಲ. ಯಂತ್ರ ನಿಂತೇ ಇತ್ತು.
ಕಿಟಕಿಯಿಂದ ಉಪ್ಪುಗಾಳಿ ನುಗ್ಗಿ
ಮೂವತ್ತೊಂಬತ್ತು ಬಿಲ್ಲೆ ಒಟ್ಟಿಗೆ ಸದ್ದು ಮಾಡಿದವು.
ಅವರು ತಲೆಯೆತ್ತದೆ ಹೊಸ ಪುಟಕ್ಕೆ ಗೆರೆ ಎಳೆಯುತ್ತಿದ್ದರು,
ಇಪ್ಪತ್ತಮೂರಕ್ಕೂ ಒಂದು.